ನೂರಿಪ್ಪತ್ತು ರೂಪಾಯಿಯ ದುರುಗಕ್ಕ

ನಮ್ಮ ಬೀದಿಯ ಗಂಡಸರು ದುರುಗಕ್ಕನಿಗೆ ‘ನೂರಿಪ್ಪತ್ತು ರೂಪಾಯಿ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಹೇಳುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲ. ಆಕೆ ನೀರಿನ ಕೊಡ ಹೊತ್ತು ಮುಂದೆ ಹೋದ ಮೇಲೆ ಟೀ ಅಂಗಡಿಯ ಕಟ್ಟೆಯಲ್ಲಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ನಕ್ಕವರಲ್ಲಿ ನಮ್ಮಪ್ಪ ಓಬಯ್ಯನೂ ಒಬ್ಬ. ಆ ನಗು ನಮ್ಮ ಮನೆಗೆ ಒಂದು ಲಕ್ಷದ ಅರವತ್ತು ಸಾವಿರಕ್ಕೆ ಬಿತ್ತು.

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲಿ ಒಂದು ನೂಲಿನ ಗಿರಣಿ ಇತ್ತು. ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪ ಇದೆ. ಹೊಸದುರ್ಗ ತಾಲೂಕಿನ ಬಾಗೂರಿನಲ್ಲಿ ನಾಲ್ಕನೇ ಕ್ಲಾಸು ಓದಿದ್ದ ದುರುಗಕ್ಕ ಮದುವೆಯಾಗಿ ಊರಿಗೆ ಬಂದ ಮೂರನೇ ವರ್ಷಕ್ಕೆ ಆ ಗಿರಣಿ ಸೇರಿದಳು. ಯಂತ್ರದ ಮೇಲೆ ನೂಲು ಕಡಿದರೆ ಓಡಿ ಹೋಗಿ ಬೆರಳಲ್ಲಿ ಹೊಸೆದು ಜೋಡಿಸುವ ಕೆಲಸ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿ, ಐವತ್ತೆಂಟಕ್ಕೆ ನಿವೃತ್ತಳಾದಳು. ಆಕೆ ಹೊರಬಂದ ಎರಡು ವರ್ಷಕ್ಕೆ ಗಿರಣಿಯೂ ಬಾಗಿಲು ಹಾಕಿತು. ನಮ್ಮಪ್ಪ ಅದೇ ಗಿರಣಿಯ ಬಾಯ್ಲರ್ ಮನೆಯಲ್ಲಿ ಇದ್ದವನು.

ಇವರೆಲ್ಲರಿಗೂ ತಿಂಗಳಿಗೆ ಸಾವಿರದ ಚಿಲ್ಲರೆ ಪಿಂಚಣಿ. ಅದಕ್ಕೆ ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಪ್ರಮಾಣ ಪತ್ರ ಕೊಡಬೇಕು. ಇದಲ್ಲದೆ ಇನ್ನೊಂದು ಸೌಲಭ್ಯ ಇತ್ತು. ಗಿರಣಿಯಲ್ಲಿದ್ದಾಗ ಸಂಬಳದಲ್ಲಿ ಕಾರ್ಮಿಕರ ಆರೋಗ್ಯ ವಿಮೆ ಇಎಸ್‌ಐಗೆ ದುಡ್ಡು ಹಿಡಿಯುತ್ತಿದ್ದರಲ್ಲ, ಹಾಗೆ ಹಿಡಿಸಿಕೊಂಡು ನಿವೃತ್ತರಾದವರು ವರ್ಷಕ್ಕೆ ನೂರಿಪ್ಪತ್ತು ರೂಪಾಯಿ ಮುಂಗಡ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಸಿಗುತ್ತದೆ. ದೊಡ್ಡ ಕಾಯಿಲೆಯಾದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ವರ್ಷ ತಪ್ಪಿದರೆ ಇಲ್ಲ. ಇಷ್ಟೇ ವಿಷಯ. ಇದನ್ನು ನೆನಪಿಟ್ಟುಕೊಳ್ಳಲು ದೊಡ್ಡ ಬುದ್ಧಿ ಬೇಕಿಲ್ಲ. ಆದರೆ ನಮ್ಮ ಬೀದಿಯ ಗಂಡಸರು ಇದನ್ನು ನೆನಪಿಟ್ಟುಕೊಳ್ಳಲು ಒಬ್ಬ ಸೆಕ್ರೆಟ್ರಿಯನ್ನು ನೇಮಿಸಿಕೊಂಡಿದ್ದರು.

ಆತನ ಹೆಸರು ಹನುಮಂತರಾಜು. ಗಿರಣಿಯಲ್ಲಿ ಟೈಂಕೀಪರ್ ಆಗಿದ್ದವನು, ಆಮೇಲೆ ಯೂನಿಯನ್ ಸೆಕ್ರೆಟ್ರಿ. ಗಿರಣಿ ಮುಚ್ಚಿದ ಮೇಲೆ ಸೆಕ್ರೆಟ್ರಿಗಿರಿ ಬಿಡಲು ಮನಸ್ಸಾಗದೆ ‘ನಿವೃತ್ತ ಗಿರಣಿ ಕಾರ್ಮಿಕರ ಸಂಘ’ ಎಂದು ಬೋರ್ಡು ಹಾಕಿದ. ಬಿಳಿ ಪ್ಯಾಂಟು, ಬಿಳಿ ಶರ್ಟು, ಜೇಬಿನಲ್ಲಿ ಮೂರು ಪೆನ್ನು. ಒಂದರಲ್ಲಿಯೂ ಇಂಕು ಇರುತ್ತಿರಲಿಲ್ಲ; ಸಹಿ ಮಾಡುವಾಗ ಎದುರಿಗಿದ್ದವರ ಪೆನ್ನು ಕೇಳುತ್ತಿದ್ದ. ವರ್ಷಕ್ಕೆ ಐನೂರು ರೂಪಾಯಿ ಕೊಟ್ಟರೆ ಪಿಂಚಣಿಯ ಪ್ರಮಾಣ ಪತ್ರ, ಇಎಸ್‌ಐ ದುಡ್ಡು, ಪಿಂಚಣಿ ಹೆಚ್ಚಿಸಲು ದೆಹಲಿಯಲ್ಲಿ ಹೋರಾಟ, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದ. ನಲವತ್ಮೂರು ಜನ ಕೊಟ್ಟರು. ಪ್ರತಿಯೊಬ್ಬರಿಗೂ ಒಂದು ಗುಲಾಬಿ ಬಣ್ಣದ ರಸೀದಿ. ರಸೀದಿಯ ಮೂಲೆಯಲ್ಲಿ ಕೈಮುಗಿದ ಹನುಮಂತರಾಜುವಿನ ಫೋಟೋ.

ದುರುಗಕ್ಕ ಕೊಡಲಿಲ್ಲ. ಮಾರ್ಚ್ ತಿಂಗಳ ಮೊದಲ ವಾರ ತಾನೇ ಬ್ಯಾಂಕಿಗೆ ಹೋಗಿ, ಸಾಲಿನಲ್ಲಿ ನಿಂತು, ಚಲನ್ ತುಂಬಿ, ನೂರಿಪ್ಪತ್ತು ರೂಪಾಯಿ ಕಟ್ಟಿ, ಸೀಲು ಬಿದ್ದ ಬಿಳಿ ಚೂರನ್ನು ತಂದು ಗೋಡೆಯ ತಂತಿಗೆ ಚುಚ್ಚುತ್ತಿದ್ದಳು. ಆ ತಂತಿಯಲ್ಲಿ ನಿವೃತ್ತಿಯಾದ ದಿನದಿಂದ ಬಂದ ಪ್ರತಿ ಕಾಗದವೂ ವರ್ಷದ ಪ್ರಕಾರ ಇತ್ತು. ಆಕೆಯ ಗಂಡ ಚಿಕ್ಕತಿಮ್ಮಪ್ಪ ಗಿರಣಿಯ ಗೋದಾಮಿನಲ್ಲಿ ಗುತ್ತಿಗೆಯ ಮೇಲೆ ಹತ್ತಿ ಅಂಡಿಗೆ ಹೊರುತ್ತಿದ್ದವನು. ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಹತ್ತಿಯ ದೂಳು ಮಾತ್ರ ಅವನ ಎದೆಯಲ್ಲಿ ಉಳಿದಿತ್ತು. ಅವನು ಎಳೆದುಕೊಳ್ಳುವ ಉಬ್ಬಸದ ಔಷಧ ತಿಂಗಳಿಗೊಮ್ಮೆ ಹೆಂಡತಿಯ ಕಾರ್ಡಿನ ಮೇಲೆಯೇ ಬರುತ್ತಿತ್ತು. ಅಂಥವನೂ ಟೀ ಅಂಗಡಿಯಲ್ಲಿ, “ನಮ್ ಹೆಂಗಸಿಗೆ ಸಂಘ ಅಂದ್ರೆ ಆಗಲ್ಲಪ್ಪ, ಸೆಕ್ರೆಟ್ರಿ ಎಷ್ಟ್ ಒಳ್ಳೇ ಮನುಷ್ಯ” ಎನ್ನುತ್ತಿದ್ದ. ಹೆಂಡತಿಯ ದಯೆಯಿಂದ ಉಸಿರಾಡುತ್ತಾ ಆ ಉಸಿರನ್ನು ಹನುಮಂತರಾಜುವಿನ ಹೊಗಳಿಕೆಗೆ ಖರ್ಚು ಮಾಡುತ್ತಿದ್ದ.

ಒಂದು ಸಲ ನಮ್ಮಪ್ಪ ಬುದ್ಧಿ ಹೇಳಲು ಹೋದ.

“ದುರುಗಕ್ಕ, ನೂರಿಪ್ಪತ್ತು ರೂಪಾಯ್ಗೆ ಅರ್ಧ ದಿನ ಬ್ಯಾಂಕಿನಾಗೆ ನಿಂತ್ಕಂತೀಯಲ್ಲ. ಸೆಕ್ರೆಟ್ರಿ ಕೈಗೆ ಕೊಟ್ರೆ ಮುಗೀತು.”

“ಕೊಟ್ರೆ ಏನ್ ಮುಗೀತೈತೆ ಓಬಣ್ಣ?”

“ಅವ್ನು ಕಟ್ತಾನೆ. ರಸೀದಿ ಕೊಡ್ತಾನೆ.”

“ಯಾರ್ದು ರಸೀದಿ?”

“ಸಂಘದ್ದು.”

“ಸಂಘ ನಿಂಗೆ ಸೂಜಿ ಚುಚ್ತೈತಾ?” ಎಂದಳು. ಅಪ್ಪ ಮನೆಗೆ ಬಂದು, ಆ ಹೆಂಗಸಿಗೆ ಮಾತಾಡಲು ಬರುವುದಿಲ್ಲ ಎಂದು ಅಮ್ಮನ ಹತ್ತಿರ ದೂರಿದ.

ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಚಿತ್ರದುರ್ಗದ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಓಡಾಟ. ಭಾನುವಾರ ದುರುಗಕ್ಕ ಇಂಗ್ಲಿಷಿನಲ್ಲಿ ಬಂದ ಕಾಗದಗಳನ್ನು ನನ್ನ ಹತ್ತಿರ ಓದಿಸಿಕೊಳ್ಳಲು ಬರುತ್ತಿದ್ದಳು. ನನಗೆ ಬೇಸರ. ಒಂದು ಭಾನುವಾರ ಬ್ಯಾಂಕಿನಿಂದ ಬಂದ ಕಾಗದವನ್ನು ಮೇಲಿಂದ ಕೆಳಗೆ ನೋಡಿ, “ಏನಿಲ್ಲ ದುರುಗಕ್ಕ, ಮಾಮೂಲಿ” ಎಂದು ವಾಪಸ್ಸು ಕೊಟ್ಟೆ.

“ಮಾಮೂಲಿ ಅಂದ್ರೆ ಯಾವ ತಾರೀಕು?”

“ಅಂದ್ರೆ?”

ಆಕೆ ಬೆರಳನ್ನು ಮೂರನೇ ಸಾಲಿನ ಮೇಲೆ ಇಟ್ಟಳು. ಇಂಗ್ಲಿಷ್ ಓದಲು ಬಾರದಿದ್ದರೂ ಅಂಕಿ ಬರುತ್ತಿತ್ತು. “ಇಲ್ಲೊಂದು ತಾರೀಕು ಐತೆ. ಹೋದ್ ಸಲ ಇದು ನವೆಂಬರ್ ಇತ್ತು. ಈ ಸಲ ಅಕ್ಟೋಬರ್ ಐತೆ. ಯಾಕೆ?”

ನೋಡಿದೆ. ಹಿಂದಿನ ವರ್ಷ ಅವಳು ಪ್ರಮಾಣ ಪತ್ರ ಕೊಟ್ಟದ್ದು ಅಕ್ಟೋಬರಿನಲ್ಲಿ. ಅಲ್ಲಿಂದ ಹನ್ನೆರಡು ತಿಂಗಳಿಗೆ ಅದರ ಅವಧಿ ಮುಗಿಯುತ್ತಿತ್ತು. ನವೆಂಬರಿನ ತನಕ ಸುಮ್ಮನಿದ್ದರೆ ಒಂದು ತಿಂಗಳ ಪಿಂಚಣಿ ನಿಲ್ಲುತ್ತಿತ್ತು. ವಿವರಿಸಿದೆ. ಆಕೆ ಕಾಗದ ಮಡಚಿಕೊಂಡು, “ಮಕ್ಳಿಗೂ ಹಿಂಗೇ ಓದಿ ಹೇಳ್ತೀಯೇನಮ್ಮ ಮೇಡಮ್ಮ?” ಎಂದು ಎದ್ದು ಹೋದಳು. ಇಷ್ಟಾದರೂ ನಮ್ಮಪ್ಪನ ಗುಲಾಬಿ ರಸೀದಿಗಳನ್ನು ನಾನು ಒಂದು ದಿನವೂ ಕೈಗೆತ್ತಿಕೊಂಡು ನೋಡಲಿಲ್ಲ. ಎಂ.ಎ. ಮಾಡಿದವಳು ನಾನು.

ಕಳೆದ ವರ್ಷ ಜೂನ್ ತಿಂಗಳು, ನಾನು ರಜೆ ಹಾಕಿ ಮನೆಯಲ್ಲಿದ್ದ ದಿನ. ಬೆಳಗ್ಗೆ ಹತ್ತು ಗಂಟೆಗೆ ಅಪ್ಪ ಮಹಡಿ ಮೆಟ್ಟಿಲ ಮಧ್ಯದಲ್ಲಿ ಕೂತುಬಿಟ್ಟ. ಎದೆ ಹಿಡಿದಂತಾಗಿದೆ, ಎಡಗೈ ಜೋಮು. ಹತ್ತಿರದ ಡಾಕ್ಟರು ಇಸಿಜಿ ತೆಗೆದು, ಸದ್ಯಕ್ಕೆ ಮಾತ್ರೆ ಕೊಟ್ಟಿದ್ದೇನೆ, ಇವತ್ತೇ ದಾವಣಗೆರೆಗೆ ಕರೆದೊಯ್ಯಿರಿ ಎಂದರು. ಇಎಸ್‌ಐ ಇದೆಯಲ್ಲ ಎಂಬ ಧೈರ್ಯದಲ್ಲಿ ಅಪ್ಪನನ್ನು ಆಟೋದಲ್ಲಿ ಕೂರಿಸಿ, ಇಎಸ್‌ಐ ದವಾಖಾನೆಯ ಮುಂದೆ ನಿಲ್ಲಿಸಿಕೊಂಡು ಚೀಟಿ ಬರೆಸಲು ಒಳಗೆ ಓಡಿದೆ.

ಕೌಂಟರಿನಲ್ಲಿ ಯಶೋಧಾ ಎಂಬ ಕ್ಲಾರ್ಕು. ಕಾರ್ಡಿನ ನಂಬರು ಹಾಕಿ ನೋಡಿದಳು. ಮತ್ತೊಮ್ಮೆ ಹಾಕಿದಳು.

“ಮೇಡಂ, ಇವ್ರದ್ದು ಎರಡು ವರ್ಷದಿಂದ ಕಟ್ಟಿಲ್ಲ.”

“ಕಟ್ಟಿದಾರೆ, ರಸೀದಿ ಇದೆ” ಎಂದು ಅಪ್ಪನ ಜೇಬಿನಲ್ಲಿದ್ದ ಗುಲಾಬಿ ಚೀಟಿಗಳನ್ನು ಮುಂದಿಟ್ಟೆ.

ಆಕೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೈಯಲಿಲ್ಲ, ನಗಲಿಲ್ಲ. “ಇದು ನಮ್ದಲ್ಲ ಮೇಡಂ. ಬ್ಯಾಂಕ್ ಸೀಲಿನ ಚಲನ್ ಬೇಕು. ನೀವೀಗ ತಡ ಮಾಡ್ಬೇಡಿ, ಮೊದ್ಲು ಪೇಶಂಟನ್ನ ಕರ್ಕೊಂಡು ಹೋಗಿ” ಎಂದಳು.

ಆಟೋದಿಂದಲೇ ಹನುಮಂತರಾಜುವಿಗೆ ಫೋನು ಮಾಡಿದೆ. “ಸರ್ವರ್ ಪ್ರಾಬ್ಲಂ ಕಣಮ್ಮ ಸುಪ್ರಿಯಾ. ನಾನ್ ಮಾತಾಡ್ತೀನಿ. ಓಬಯ್ಯಂಗೆ ಧೈರ್ಯ ಹೇಳು” ಎಂದ. ಆಮೇಲೆ ಫೋನು ಎತ್ತಲಿಲ್ಲ. ದಾವಣಗೆರೆಯಲ್ಲಿ ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಬಿಲ್ಲು ಒಂದು ಲಕ್ಷದ ಅರವತ್ತು ಸಾವಿರ. ನನ್ನ ಬಳೆ, ಅಮ್ಮನ ಸರ ಗಿರವಿಗೆ ಹೋದವು. ಅಪ್ಪ ಉಳಿದ.

ಹನುಮಂತರಾಜು ಐದನೇ ದಿನ ನಮ್ಮ ಮನೆಗೆ ನೋಡಲು ಬಂದ. ಎರಡು ಮೂಸಂಬಿ ತಂದಿದ್ದ. ಮಂಚದ ಪಕ್ಕದಲ್ಲಿ ಕೂತು, ದೆಹಲಿಯ ಹೋರಾಟ ಎಲ್ಲಿಗೆ ಬಂತು ಎಂದು ಅರ್ಧ ಗಂಟೆ ಹೇಳಿದ. ಅಪ್ಪ ಕೈಮುಗಿದು ಕೇಳಿದ. ನಾನು ದುಡ್ಡಿನ ವಿಷಯ ಎತ್ತಿದರೆ ಅಪ್ಪನೇ ಕಣ್ಣುಬಿಟ್ಟು, “ಸುಮ್ನಿರೇ, ಅವ್ರೇನ್ ಬೇಕಂತ ಮಾಡಿದ್ರಾ?” ಎಂದು ನನ್ನನ್ನು ಗದರಿದ. ಎದೆಯೊಳಗೆ ಹೊಸ ಸ್ಟೆಂಟ್ ಇಟ್ಟುಕೊಂಡವನ ಮಾತು ಇದು.

ದುರುಗಕ್ಕ ಮಾರನೇ ದಿನ ಬಂದಳು. ಹಣ್ಣು ತರಲಿಲ್ಲ, ಪಾಪ ಎನ್ನಲಿಲ್ಲ. ಅಪ್ಪನನ್ನು ಒಂದು ಸಲ ನೋಡಿ, ನನ್ನ ಕಡೆ ತಿರುಗಿ, “ಆ ಗುಲಾಬಿ ಚೀಟಿ ಎಲ್ಲಿ, ತಗಂಬಾ” ಎಂದಳು. ತಂದುಕೊಟ್ಟೆ. ಬೆಳಕಿಗೆ ಹಿಡಿದು ಓದಿದಳು.

“‘ಸಂಘದ ಸೇವಾ ಶುಲ್ಕ’ ಅಂತ ಐತೆ. ಇಎಸ್‌ಐ ಅಂತ ಒಂದಕ್ಷರ ಇಲ್ಲ. ಓಬಣ್ಣ, ಇದನ್ನ ಓದಿದ್ಯಾ ನೀನು?”

ಅಪ್ಪ ಗೋಡೆ ನೋಡಿದ.

“ಏಳನೇ ಕ್ಲಾಸು ಓದಿದೀನಿ ಅಂತ ಹೇಳ್ಕಂಡ್ ತಿರುಗ್ತಿದ್ದೆ ಗಿರಣಿಯಾಗೆ” ಎಂದಳು. ಕಾಯಿಲೆ ಮನುಷ್ಯ ಎಂಬ ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ಆಮೇಲೆ ನನಗೆ ಹೇಳಿದಳು: “ಒಬ್ಬಂದಲ್ಲ ಇದು. ಎಲ್ರುದೂ ನೋಡಾಣ.”

ಆಕೆಯ ಜೊತೆ ನಾನು ಮನೆಮನೆ ತಿರುಗಿದ್ದು ಸುಮಾರು ಮೂರು ವಾರ. ನಾನು ತಿಳಿದಿದ್ದೆ, ಮೋಸ ಹೋಗಿದ್ದೇವೆಂದು ಗೊತ್ತಾದರೆ ಜನ ರೊಚ್ಚಿಗೇಳುತ್ತಾರೆ ಎಂದು. ಒಬ್ಬ, ರಸೀದಿ ಹುಡುಕಲು ಟ್ರಂಕು ತೆಗೆಯಬೇಕು, ಸೊಂಟ ನೋವು ಎಂದ. ಇನ್ನೊಬ್ಬ, ಇಎಸ್‌ಐ ಮಾತ್ರೆ ತನಗೆ ಹಿಡಿಸುವುದಿಲ್ಲ, ತಾನು ಯಾವಾಗಲೂ ದೊಡ್ಡ ರಸ್ತೆಯ ಡಾಕ್ಟರ ಹತ್ತಿರವೇ ಸೂಜಿ ಹಾಕಿಸಿಕೊಳ್ಳುವುದು ಎಂದು ಹೆಮ್ಮೆಯಿಂದ ಹೇಳಿದ. ಮತ್ತೋಡಿನ ಹಾಲಸ್ವಾಮಿ ನಮ್ಮನ್ನು ಕೂರಿಸಿ, ಒಳ್ಳೆಯ ಮನುಷ್ಯನ ಮೇಲೆ ಗೂಬೆ ಕೂರಿಸಬಾರದು ಎಂದು ನೀತಿ ಹೇಳಿ, ಹೋಗುವಾಗ ಮೆಲ್ಲಗೆ, “ನಂದೂ ಒಂದ್ ನೋಡ್ಬಿಡಮ್ಮ, ಯಾರಿಗೂ ಹೇಳ್ಬ್ಯಾಡ” ಎಂದು ಕಾರ್ಡು ಕೊಟ್ಟ.

ಹಿರಿಯೂರು ತಾಲೂಕಿನ ಯಲ್ಲದಕೆರೆಯಲ್ಲಿ ಕಾಟಯ್ಯ ಇದ್ದ. ಗಿರಣಿ ಬಿಟ್ಟ ಮೇಲೆ ಊರಿಗೆ ಮರಳಿ ಜಮೀನು ನೋಡಿಕೊಂಡಿದ್ದವನು. ಒಂದು ಭಾನುವಾರ ಬಸ್ಸು ಬದಲಾಯಿಸಿಕೊಂಡು ಅಲ್ಲಿಗೆ ಹೋದೆವು. ಕಾಟಯ್ಯ, “ಬರ್ರಿ, ಕುಂತ್ಕಳ್ರಿ” ಎಂದ. ಕಾಗದ ಕೇಳಿದ ಕೂಡಲೇ, “ಎಲ್ಲೋ ಹೋಗವೆ ಕಣಮ್ಮ” ಎಂದು ಎದ್ದು ದನದ ಕಡೆ ನಡೆದ. ಅವನ ಹೆಂಡತಿಗೆ ಗಂಡನ ಸನ್ನೆ ಅರ್ಥವಾಗಲಿಲ್ಲ. ಒಳಗಿಂದ ಬಿಸ್ಕತ್ತಿನ ಡಬ್ಬಿ ತಂದು ಜಗಲಿಯ ಮೇಲೆ ಸುರಿದಳು. ಗುಲಾಬಿ ಚೀಟಿಗಳ ನಡುವೆ ಒಂದು ಬಿಳಿ ಚೂರು. ಬ್ಯಾಂಕಿನ ಸೀಲು. ತಾರೀಕು ಹಿಂದಿನ ವರ್ಷದ್ದು.

“ಕಾಟಣ್ಣ, ಇಲ್ಲಿ ಬಾ” ಎಂದಳು ದುರುಗಕ್ಕ.

ಅವನು ಬಂದ. ಟವೆಲಿನಲ್ಲಿ ಮುಖ ಒರೆಸಿಕೊಂಡು ಹೇಳಿದ: “ಹೋದ್ ವರ್ಷ ಕಣ್ಣಿನ ಆಪ್ರೇಷನ್‌ಗೆ ಹೋದಾಗ ಗೊತ್ತಾತು, ನಂದು ಕಟ್ಟಿಲ್ಲ ಅಂತ. ಹೋಗಿ ಕೇಳ್ದೆ. ಸೆಕ್ರೆಟ್ರಿ ಅವತ್ತೇ ಬ್ಯಾಂಕಿಗೆ ಕರ್ಕಂಡೋಗಿ ಕಟ್ಟಿ ಕೊಟ್ಟ. ‘ನಿಂದಾತಲ್ಲ, ಬಾಯಿ ಬಿಡಬ್ಯಾಡ’ ಅಂದ.”

“ನೀನು ಬಿಡ್ಲಿಲ್ಲ.”

“ನಂಗ್ಯಾಕೆ ಊರ್ ಉಸಾಬರಿ ಅಂತ...”

“ಇಪ್ಪತ್ತು ವರ್ಷ ಓಬಣ್ಣನ ಬುತ್ತಿಯಾಗೆ ಮುದ್ದೆ ಮುರ್ಕಂಡು ತಿಂದೀಯ ನೀನು. ಅವ್ನು ಈ ಜೂನಿನಾಗೆ ಸಾಯ್ತಿದ್ದ” ಎಂದಳು. ಅವನ ಹೆಂಡತಿ ಮಜ್ಜಿಗೆ ತಂದು ಮುಂದೆ ಹಿಡಿದಿದ್ದಳು. ದುರುಗಕ್ಕ ಆ ಹೆಂಗಸಿನ ಮುಖ ನೋಡಿ, “ನಿನ್ ಮೇಲೆ ಸಿಟ್ಟಿಲ್ಲಮ್ಮ” ಎಂದು ಲೋಟವನ್ನು ಕೆಳಗಿಡಿಸಿ ಎದ್ದಳು. ಬಸ್ ಸ್ಟಾಪಿನ ತನಕ ಮುಂದೆ ಮುಂದೆ ನಡೆದಳು. ಅಲ್ಲಿ ಒಮ್ಮೆ ಉಗುಳಿದಳು.

ಕೊನೆಗೆ ಹದಿನೆಂಟು ಜನ ತಮ್ಮ ತಮ್ಮ ಕಾರ್ಡು ಹಿಡಿದುಕೊಂಡು ದವಾಖಾನೆಗೆ ಬರಲು ಒಪ್ಪಿದರು. ಯಶೋಧಾ ಬೇಸರಿಸದೆ ಒಬ್ಬೊಬ್ಬರದ್ದೇ ನಂಬರು ಹಾಕಿ ನೋಡಿದಳು. ಹದಿನೆಂಟಕ್ಕೆ ಹದಿನೆಂಟೂ ಎರಡು ವರ್ಷದಿಂದ ನಿಂತಿದ್ದವು. ಅದಕ್ಕೂ ಮೊದಲು ಪ್ರತಿ ವರ್ಷವೂ ಸರಿಯಾಗಿ ಕಟ್ಟಿತ್ತು. ಅಂದರೆ ಹನುಮಂತರಾಜು ಹುಟ್ಟಿನಿಂದ ಕಳ್ಳನಲ್ಲ. ಕೆಲವು ವರ್ಷ ನಿಯತ್ತಾಗಿ ಕಟ್ಟಿದ್ದಾನೆ. ಒಂದು ವರ್ಷ ಮರೆತಿರಬೇಕು, ಯಾರೂ ಕೇಳಲಿಲ್ಲ. ಯಾರೂ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ಮರೆಯುವುದನ್ನೇ ರೂಢಿ ಮಾಡಿಕೊಂಡಿದ್ದಾನೆ. ಅವನನ್ನು ಕಳ್ಳನನ್ನಾಗಿ ಮಾಡಿದ್ದರಲ್ಲಿ ಈ ನಲವತ್ಮೂರು ಜನರ ಸೋಮಾರಿತನದ ಪಾಲೂ ಇದೆ ಎಂದು ನನಗೆ ಅವತ್ತು ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಜುಲೈ ಕೊನೆಯಲ್ಲಿ, ಗಿರಣಿ ಇದ್ದ ಜಾಗದ ಅದೇ ಕಲ್ಯಾಣ ಮಂಟಪದಲ್ಲಿ, ಸಂಘದ ವಾರ್ಷಿಕ ಸಭೆ. ಹನುಮಂತರಾಜುವಿಗೆ ಎಪ್ಪತ್ತು ತುಂಬಿದ್ದಕ್ಕೆ ದಂಪತಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಅವನ ಹೆಂಡತಿ ಚಂದ್ರಕ್ಕ ರೇಷ್ಮೆ ಸೀರೆ ಉಟ್ಟು, ಕೈಯನ್ನು ಮಡಿಲಲ್ಲಿಟ್ಟುಕೊಂಡು ವೇದಿಕೆಯ ಮೇಲೆ ಕೂತಿದ್ದಳು. ಶಿವಕುಮಾರಪ್ಪ ಎಂಬ ಅಧ್ಯಕ್ಷರು ಮೈಕಿನಲ್ಲಿ, ಕಾರ್ಮಿಕರ ಆರೋಗ್ಯಕ್ಕಾಗಿ ಸೆಕ್ರೆಟ್ರಿಯವರು ತಮ್ಮ ಆರೋಗ್ಯವನ್ನೇ ಲೆಕ್ಕಿಸಲಿಲ್ಲ ಎಂದು ಹೇಳುತ್ತಿದ್ದರು. ಹಿಂದೆ ಪಲಾವಿನ ವಾಸನೆ. ಸಭಿಕರ ಅರ್ಧ ಗಮನ ಆ ಕಡೆಯೇ.

ದುರುಗಕ್ಕ ಸದಸ್ಯೆಯಲ್ಲ. ಆದರೂ ಎದ್ದು ನಿಂತಳು.

“ನಂದೊಂದು ಮಾತೈತೆ.”

“ಊಟ ಆದ್ಮೇಲೆ ಹೇಳಮ್ಮ” ಎಂದರು ಅಧ್ಯಕ್ಷರು.

“ಊಟ ಆದ್ಮೇಲೆ ಯಾರಿರ್ತೀರಿ?” ಎಂದು ಆಕೆ ನೇರವಾಗಿ ವೇದಿಕೆಯ ಮುಂದೆ ಬಂದಳು. “ಹನುಮಂತರಾಜಣ್ಣ, ಹದಿನೆಂಟು ಜನದ್ದು ನೋಡಿಸಿದೀವಿ. ಎರಡು ವರ್ಷದಿಂದ ಒಬ್ರುದೂ ಕಟ್ಟಿಲ್ಲ. ದುಡ್ಡೆಲ್ಲಿ?”

ಹನುಮಂತರಾಜು ಮೈಕು ತೆಗೆದುಕೊಂಡ. ಅನುಭವಸ್ಥ. “ಅಕ್ಕ, ತಾಂತ್ರಿಕ ಕಾರಣದಿಂದ ನಮ್ಮ ಗಿರಣಿ ಕೋಡ್ ನಂಬರೇ ನಿಂತೋಗೈತೆ. ಯಾರ್ದೂ ಕಟ್ಟಾಕೆ ಆಗ್ತಿಲ್ಲ. ಅದಕ್ಕೇ ನಾನು ದೆಹಲಿಗೆ ಹೋಗಿದ್ದು. ನಂದೂ ನಿಂತೈತೆ.”

ಕೆಲವರು ತಲೆಯಾಡಿಸಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ದುರುಗಕ್ಕ ಅವನನ್ನು ಬಿಟ್ಟು ಚಂದ್ರಕ್ಕನ ಕಡೆ ತಿರುಗಿದಳು. ದನಿ ತಗ್ಗಿಸಿ ಕೇಳಿದಳು, “ಚಂದ್ರಕ್ಕ, ನಿಂಗೆ ಶುಗರ್ ಐತಲ್ಲ, ಮಾತ್ರೆ ಎಲ್ಲಿ ತಗಂತೀಯ?”

ಚಂದ್ರಕ್ಕನಿಗೆ ಇದು ಕುಶಲ ವಿಚಾರಣೆಯಂತೆ ಕಂಡಿತು. “ಇಎಸ್‌ಐನಾಗೇ ಕಣಕ್ಕ. ಹೋದ್ ಸೋಮವಾರ ತಂದೆ. ಇನ್ಸುಲಿನ್ನೂ ಅಲ್ಲೇ ಕೊಡ್ತಾರೆ. ನಮ್ಮೆಜಮಾನ್ರು ವರ್ಷ ವರ್ಷ ಜನವರಿನಾಗೆ ಬ್ಯಾಂಕಿಗೆ ಕಟ್ಟಿ ಬಂದ್ಬಿಡ್ತಾರೆ, ಒಂದ್ ದಿನ ಲೇಟ್ ಮಾಡಲ್ಲ.”

ಪಕ್ಕದಲ್ಲಿ ಗಂಡನ ಕೈಯಲ್ಲಿದ್ದ ಮೈಕು ಚಾಲೂ ಇತ್ತು. ಎಲ್ಲರಿಗೂ ಕೇಳಿಸಿತು.

ಹನುಮಂತರಾಜು ಹೆಂಡತಿಯ ಮುಖ ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ನಾಚಿಕೆ ಅದರಲ್ಲಿರಲಿಲ್ಲ, ಮನೆಗೆ ನಡಿ, ನೋಡ್ಕೊಳ್ತೀನಿ ಎಂಬ ನೋಟ. ಚಂದ್ರಕ್ಕನಿಗೆ ನಿಧಾನವಾಗಿ ಅರ್ಥವಾಯಿತು. ಹೆಗಲ ಮೇಲಿನ ಶಾಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟು ಕೆಳಗಿಳಿದು ಹೊರಗೆ ನಡೆದಳು.

ಆಮೇಲೆ ಗದ್ದಲ. ನಾಲ್ಕು ಜನ ಕೂಗಿದರು, ಇಬ್ಬರು ಕುರ್ಚಿ ಎಳೆದಾಡಿದರು. ಹನುಮಂತರಾಜು, ದುಡ್ಡೆಲ್ಲ ಹೋರಾಟಕ್ಕೆ ಖರ್ಚಾಗಿದೆ, ಲೆಕ್ಕ ಕೊಡುತ್ತೇನೆ ಎಂದ. ಅಧ್ಯಕ್ಷರು, ವಿಷಯವನ್ನು ಕಾರ್ಯಕಾರಿ ಸಮಿತಿಗೆ ಒಪ್ಪಿಸಲಾಗಿದೆ, ಈಗ ಎಲ್ಲರೂ ಊಟಕ್ಕೆ ದಯಮಾಡಿಸಬೇಕು ಎಂದರು. ಎಲ್ಲರೂ ದಯಮಾಡಿಸಿದರು. ಎರಡು ನಿಮಿಷದ ಹಿಂದೆ ಕುರ್ಚಿ ಎಳೆದಾಡಿದವನೇ ಎಲೆಯ ಮುಂದೆ ಕೂತು ಕೇಸರಿಬಾತು ಇನ್ನೊಂದು ಸೌಟು ಹಾಕಿಸಿಕೊಂಡ. ನಮ್ಮಪ್ಪನೂ ಕೂತ. ಡಾಕ್ಟರು ಎಣ್ಣೆ ಬೇಡವೆಂದಿದ್ದಾರೆಂದು ಬೋಂಡಾ ಮಾತ್ರ ಬಿಟ್ಟ. ನಾನೂ ದುರುಗಕ್ಕನೂ ಮಂಟಪದ ಹೊರಗೆ ಬಿಸಿಲಲ್ಲಿ ನಿಂತಿದ್ದೆವು.

“ಹೋಗಾಣ ಬಾ. ಇವ್ರು ತಿಂದು ಕೈ ತೊಳೆಯೋ ಹೊತ್ತಿಗೆ ಮರ್ತಿರ್ತಾರೆ” ಎಂದಳು ಆಕೆ.

ಪೂರ್ತಿ ಮರೆಯಲಿಲ್ಲ. ಹನ್ನೊಂದು ಜನ ಪೊಲೀಸು ದೂರಿಗೆ ಸಹಿ ಹಾಕಿದರು. ಕೊನೆಗೆ ನಮ್ಮಪ್ಪನೂ ಅವರಲ್ಲಿ ಒಬ್ಬನಾದ. ಸ್ಟೇಷನ್ನಿನಲ್ಲಿ ಹನುಮಂತರಾಜುವನ್ನು ಕರೆಸಿ ಕೂರಿಸಿದ ದಿನವೇ ಆತ ಆ ಹನ್ನೊಂದು ಜನರ ಎರಡೆರಡು ವರ್ಷದ ದುಡ್ಡನ್ನು ಹಿಂದಿರುಗಿಸಿ ರಾಜಿ ಬರೆಸಿಕೊಂಡ. ಸಹಿ ಹಾಕದವರಿಗೆ ಬಿಡಿಗಾಸೂ ಬರಲಿಲ್ಲ. ಅವರು ಅದಕ್ಕೆ ಬೈದದ್ದು ಹನುಮಂತರಾಜುವನ್ನಲ್ಲ, ಸಹಿ ಹಾಕಿದವರನ್ನು. ಸಂಘದ ಬೋರ್ಡು ಈಗಲೂ ಇದೆ. ಸೆಕ್ರೆಟ್ರಿಯೂ ಅವನೇ. ಹತ್ತಿಪ್ಪತ್ತು ಜನ ಈ ವರ್ಷವೂ ಐನೂರು ಕೊಟ್ಟಿದ್ದಾರಂತೆ. ಬಿಡುವಾದಾಗ ಅವರ ಬಗ್ಗೆ ಯೋಚಿಸಿ ನೋಡಿದ್ದೇನೆ. ಮರುಕ ಹುಟ್ಟಬೇಕೆಂದು ಪ್ರಯತ್ನಿಸಿದ್ದೇನೆ. ಹುಟ್ಟಲಿಲ್ಲ.

ನಮ್ಮ ಒಂದು ಲಕ್ಷದ ಅರವತ್ತು ಸಾವಿರದಲ್ಲಿ ಬಂದದ್ದು ಸಾವಿರ ರೂಪಾಯಿ. ಚಿಕಿತ್ಸೆ ಪಡೆದ ದಿನ ಕಾರ್ಡು ನಡೆಯುತ್ತಿರಲಿಲ್ಲ, ಹಾಗಾಗಿ ಉಳಿದದ್ದಕ್ಕೆ ದಾರಿಯಿಲ್ಲ ಎಂದು ಯಶೋಧಾ ಮೊದಲೇ ಹೇಳಿದ್ದಳು. ಮುಂದಿನ ವರ್ಷಗಳಿಗೆ ಹೊಸದಾಗಿ ಕಟ್ಟಿಸಿಕೊಳ್ಳುವ ಅರ್ಜಿಯನ್ನು ಆಕೆಯೇ ಕೊಟ್ಟಳು.

ದುರುಗಕ್ಕನನ್ನೇ ಸೆಕ್ರೆಟ್ರಿ ಮಾಡೋಣ ಎಂದು ಹನ್ನೊಂದು ಜನ ಅವಳ ಮನೆಗೆ ಹೋದರು. ಆಕೆ ಬಾಗಿಲಲ್ಲೇ ನಿಂತು ಮಾತು ಮುಗಿಸಿದಳು. “ನಿಮ್ ಕಾಗದ ನಾನ್ ಮುಟ್ಟಲ್ಲ. ದುಡ್ಡೂ ಮುಟ್ಟಲ್ಲ. ಬರೋರು ನಾಳೆ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನ ಹತ್ರ ಬರ್ರಿ. ಚಲನ್ ಹೆಂಗ್ ತುಂಬೋದು ತೋರಿಸ್ತೀನಿ. ನಿಮ್ ಕೈಲೇ ಬರೀಬೇಕು. ಬರೆಯಾಕೆ ಬರ್ದಿದ್ರೆ ಮೊಮ್ಮಕ್ಳನ್ನ ಕರ್ಕಂಬರ್ರಿ, ಆದ್ರೆ ಓದ್ಸಿ ಕೇಳ್ಬೇಕು.”

ಒಂಬತ್ತು ಜನ ಬಂದರು. ನಮ್ಮಪ್ಪನೂ ಬಂದ. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಎಲ್ಲರ ಎದುರಿಗೆ ಆಕೆ ಅಪ್ಪನ ಹತ್ತಿರ ಚಲನನ್ನು ಗಟ್ಟಿಯಾಗಿ ಓದಿಸಿದಳು. ವಿಮೆ ನಂಬರಿನ ಹತ್ತು ಅಂಕಿಯಲ್ಲಿ ಅಪ್ಪ ಒಂದನ್ನು ನುಂಗಿದ.

“ಇನ್ನೊಂದ್ಸಲ.”

“ಸಾಕ್ ಬಿಡು ದುರುಗಕ್ಕ, ಜನ ನೋಡ್ತಾರೆ.”

“ನೋಡ್ಲಿ. ಆಸ್ಪತ್ರೆ ಮಂಚದ ಮೇಲೆ ಮಲಗಿದ್ದಾಗ ನೋಡ್ಲಿಲ್ವಾ? ಓದು.”

ಅಪ್ಪ ಓದಿದ. ಎಪ್ಪತ್ತೊಂದು ವರ್ಷದ ಮನುಷ್ಯ, ಕನ್ನಡಕ ಏರಿಸಿಕೊಂಡು, ಒಂದೊಂದೇ ಅಂಕಿಗೆ ಬೆರಳಿಟ್ಟು ಓದಿದ. ಅವಮಾನದಿಂದ ಅವನ ಕಿವಿ ಕೆಂಪಗಾಗಿತ್ತು. ನನಗೆ ಅವನ ಮೇಲೆ ಕನಿಕರ ಬಂದದ್ದು ಆ ಒಂದು ಗಳಿಗೆ ಮಾತ್ರ.

ಈ ಅಕ್ಟೋಬರಿನಲ್ಲಿ ದುರುಗಕ್ಕ ತನ್ನ ಪಿಂಚಣಿಯ ಪ್ರಮಾಣ ಪತ್ರಕ್ಕೆ ಬ್ಯಾಂಕಿಗೆ ಹೋದಾಗ ಯಂತ್ರ ಅವಳ ಬೆರಳಚ್ಚನ್ನು ಹಿಡಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ನೂಲು ಹೊಸೆದು ಬೆರಳ ತುದಿ ಗಾಜಿನಂತೆ ನುಣುಪಾಗಿತ್ತು. ಹತ್ತು ಬೆರಳನ್ನೂ ಒತ್ತಿ ನೋಡಿ, ಬೈದುಕೊಂಡು ನಮ್ಮ ಮನೆಗೆ ಬಂದಳು. ನನ್ನ ಫೋನಿನಲ್ಲಿ ಮುಖ ತೋರಿಸಿ ಕಳಿಸುವ ವ್ಯವಸ್ಥೆ ಇದೆ ಎಂದೆ. ಕಣ್ಣಿನ ರೆಪ್ಪೆ ಬಡಿಯಿರಿ ಎಂದು ಫೋನು ಹೇಳಿತು. ಆಕೆ ಅದನ್ನು ದುರುಗುಟ್ಟಿಕೊಂಡೇ ನೋಡಿದಳು. ನಾಲ್ಕನೇ ಸಲಕ್ಕೆ ರೆಪ್ಪೆ ಬಡಿದಳು. ಬಂದ ಪ್ರಮಾಣ ಪತ್ರದ ನಂಬರನ್ನು ತಾನೇ ಬರೆದುಕೊಂಡಳು.

ಅದು ಮುಗಿಯುವಷ್ಟರಲ್ಲಿ ಗೇಟಿನ ಹತ್ತಿರ ಚಂದ್ರಕ್ಕ ನಿಂತಿದ್ದಳು. ದುರುಗಕ್ಕನ ಮನೆಗೆ ಹೋಗಿ, ಅಲ್ಲಿ ಇಲ್ಲವೆಂದು ತಿಳಿದು ಇಲ್ಲಿಗೆ ಬಂದಿದ್ದಳು. ಸಭೆಯ ದಿನದ ನಂತರ ಅವಳನ್ನು ನಾವ್ಯಾರೂ ಬೀದಿಯಲ್ಲಿ ನೋಡಿರಲಿಲ್ಲ.

“ನಂಗೂ ಆ ಚಲನ್ ತುಂಬೋದು ಕಲಿಸ್ತೀಯಾ ಅಕ್ಕ?” ಎಂದಳು. “ಜನವರಿ ಬರ್ತೈತೆ. ‘ನಿನ್ ಮಾತ್ರೆಗೆ ಇನ್ ಮೇಲೆ ಕಟ್ಟಲ್ಲ’ ಅಂತಾರೆ ಅವ್ರು. ಅವತ್ತು ಬಾಯ್ಬಿಟ್ಟಿದ್ದಕ್ಕೆ.”

ಆ ಗಂಡಸಿನ ಬಗ್ಗೆ ಹೊಸದಾಗಿ ತಿಳಿಯುವುದು ನನಗೆ ಇನ್ನೇನೂ ಇಲ್ಲ ಎಂದುಕೊಂಡಿದ್ದೆ. ಇತ್ತು.

ದುರುಗಕ್ಕ ಅವನ ಹೆಸರೆತ್ತಲಿಲ್ಲ. ಚಂದ್ರಕ್ಕನ ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. “ಸುಪ್ರಿಯಾ, ಸಕ್ಕರೆ ಇಲ್ದಂಗೆ ಒಂದ್ ಕಾಫಿ ಮಾಡು” ಎಂದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಚಲನಿನಂತೆ ಗೆರೆ ಎಳೆದು, ಚಂದ್ರಕ್ಕನ ಕೈಗೆ ಪೆನ್ನು ಕೊಟ್ಟಳು.

“ಮೊದ್ಲು ತಾರೀಕು ಬರಿ” ಎಂದಳು.